ವಿರೋಧಿಸುತ್ತಲೇ ದುಡಿದ ಬೊಂಡೆ

ಮಾನ್ಯರೇ,

ಐರೋಪ್ಯ ಒಕ್ಕೂಟವನ್ನು ಸಂದೇಹದಿಂದ ಕಾಣುವ ರಾಜಕಾರಣಿಗಳೆಂದರೆ ನಮ್ಮ ಪತ್ರಿಕೆಗಳಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಬರಬೇಕೆಂದು ವಾದಿಸಿದ ನೈಜೆಲ್ ಫರಾಜ್ ಅವರ ಹೆಸರೇ ಮುಂದಿರುತ್ತದೆ. ಡೆನ್ಮಾರ್ಕಿನ ಯೆನ್ಸ್-ಪೀಟರ್ ಬೊಂಡೆ ಅವರ ಕೆಲಸವೂ ಚರ್ಚೆಗೆ ಬರಬೇಕು.

1979ರ ಮೊದಲ ನೇರ ಚುನಾವಣೆಯಲ್ಲಿ ಐರೋಪ್ಯ ಸಂಸತ್ತಿಗೆ ಆಯ್ಕೆಯಾಗಿ 2008ರವರೆಗೆ ಸದಸ್ಯರಾಗಿದ್ದ ಬೊಂಡೆ, ಒಕ್ಕೂಟದ ಪೂರ್ವರೂಪವಾದ ಐರೋಪ್ಯ ಸಮುದಾಯವನ್ನು ಡೆನ್ಮಾರ್ಕ್ ತೊರೆಯಬೇಕೆಂಬ ಚಳವಳಿಯ ಪ್ರತಿನಿಧಿಯಾಗಿ ಒಳಹೊಕ್ಕವರು. ಆದರೆ 1992ರಲ್ಲಿ ಡೆನ್ಮಾರ್ಕಿನ ಮತದಾರರು, ಐರೋಪ್ಯ ಒಕ್ಕೂಟವನ್ನು ಸ್ಥಾಪಿಸುವ ಮಾಸ್ಟ್ರಿಕ್ಟ್ ಒಪ್ಪಂದವನ್ನು ತಿರಸ್ಕರಿಸಿದ ನಂತರ ಜೂನ್ ಚಳವಳಿ ಎಂಬ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು, ಹೊರಬರುವುದಕ್ಕಿಂತಲೂ ಒಕ್ಕೂಟದ ಅಧಿಕಾರವನ್ನು ಮಿತಗೊಳಿಸಿ ಅದರ ಕಲಾಪವನ್ನು ಜನರ ಕಣ್ಣೆದುರಿಗೆ ತರುವುದಕ್ಕೆ ಹೆಚ್ಚು ಒತ್ತು ಕೊಟ್ಟರು.

ಸದಸ್ಯ ದೇಶಗಳ ಸಚಿವರು ಸೇರುವ ಒಕ್ಕೂಟದ ಸಚಿವರ ಮಂಡಳಿ ಮುಚ್ಚಿದ ಬಾಗಿಲ ಹಿಂದೆ ಕಾನೂನು ರೂಪಿಸುವುದನ್ನು ಅವರು ಬಿಡದೆ ಪ್ರಶ್ನಿಸಿದರು. ಒಕ್ಕೂಟಕ್ಕೊಂದು ಸಂವಿಧಾನದ ಕರಡು ಸಿದ್ಧಪಡಿಸಲು 2002ರಲ್ಲಿ ಆರಂಭವಾದ ಸಮಾವೇಶದಲ್ಲಿ ಸಂಸತ್ತಿನ ಪ್ರತಿನಿಧಿಯಾಗಿದ್ದು, ಬಹುಮತದ ಕರಡನ್ನು ಒಪ್ಪದೆ, ಸಮಾನಮನಸ್ಕರೊಡನೆ ಪರ್ಯಾಯ ವರದಿಯನ್ನೇ ಮಂಡಿಸಿದರು. ಆ ಸಂವಿಧಾನದ ಬದಲಿಗೆ ಬಂದ, ಹಳೆಯ ಒಪ್ಪಂದಗಳ ತಿದ್ದುಪಡಿಗಳ ರಾಶಿಯಾಗಿದ್ದು, ಸಾಮಾನ್ಯರು ಓದಿ ಅರ್ಥಮಾಡಿಕೊಳ್ಳಲಾಗದಂತಿದ್ದ ಲಿಸ್ಬನ್ ಒಪ್ಪಂದವನ್ನು ಮೂಲಪಾಠದೊಂದಿಗೆ ಸೇರಿಸಿ ಸುಲಭವಾಗಿ ಓದಬಲ್ಲ ಆವೃತ್ತಿಯಾಗಿ ಅವರು ಪ್ರಕಟಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಅವರ ಅತ್ಯಂತ ಉಪಯುಕ್ತ ಕೆಲಸ. ಒಕ್ಕೂಟದ ಸಮರ್ಥಕರೇ ಮಾಡಬೇಕಿದ್ದ ಕೆಲಸವದು.

2004ರ ನಂತರ ಫರಾಜ್ ಅವರೊಡನೆ ಒಂದೇ ಸಂಸದೀಯ ಗುಂಪನ್ನು ಬೊಂಡೆ ಮುನ್ನಡೆಸಿದ್ದರೂ ಇಬ್ಬರ ಗುರಿ ಬೇರೆಯಾಗಿತ್ತು. ಆದ್ದರಿಂದ ಐರೋಪ್ಯ ಸಂಸತ್ತಿನ ಕುರಿತು ಬರೆಯುವವರು ಒಕ್ಕೂಟದ ಟೀಕಾಕಾರರೆಲ್ಲರನ್ನೂ ನಿರ್ಗಮನವಾದಿಗಳೆಂದು ಒಂದೇ ಸಾಲಿನಲ್ಲಿ ನಿಲ್ಲಿಸಬಾರದೆಂದು ಕೋರುತ್ತೇನೆ.

– ಓದುಗ, ಧಾರವಾಡ