ಶುಲ್ಕ ಇಳಿಸಿದರೆ ಸಂಸ್ಥೆ ಉಳಿಯದು

ಮಾನ್ಯರೇ,

ಮಾರುಕಟ್ಟೆ ಮಂದವಾದಾಗ ವ್ಯಾಪಾರಿಗಳ ಕತ್ತರಿ ಮೊದಲು ಬೀಳುವುದು ಪ್ರಚಾರದ ಖರ್ಚಿಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದರೆ ಅದರ ಬಿಸಿ ಹುಬ್ಬಳ್ಳಿಯ ಟ್ರ್ಯಾಕ್ಟರ್ ಷೋರೂಮ್‌, ಬಂಗಾರದ ಅಂಗಡಿಗಳನ್ನು ದಾಟಿ ನಮ್ಮಂಥ ಸಾರ್ವಜನಿಕ ಸಂಪರ್ಕದ ಸಣ್ಣ ಸಂಸ್ಥೆಗಳಿಗೂ ತಟ್ಟುತ್ತದೆ. ಆಗ ಬಹಳಷ್ಟು ಸಂಸ್ಥೆಗಳು ತಿಂಗಳ ಶುಲ್ಕವನ್ನು ಇಳಿಸಿ, ಕೆಲಸವನ್ನು ಮಾತ್ರ ಮೊದಲಿನಷ್ಟೇ ಮಾಡುತ್ತವೆ. ಎಡವುವುದು ಇಲ್ಲಿಯೇ.

ತಿಂಗಳಿಗೆ 30,000 ರೂಪಾಯಿಗೆ ನಾಲ್ಕು ಪ್ರೆಸ್‌ನೋಟ್, ಒಂದು ಪತ್ರಿಕಾಗೋಷ್ಠಿ, ಫೇಸ್‌ಬುಕ್ ಪುಟದ ನಿರ್ವಹಣೆ ಎಂಬ ಒಪ್ಪಂದವಿದೆ ಎನ್ನಿ. ಅಷ್ಟೂ ಕೆಲಸವನ್ನು 20,000ಕ್ಕೆ ಒಪ್ಪಿಕೊಂಡರೆ ಸಿಬ್ಬಂದಿಯ ಸಂಬಳವೇನೂ ಇಳಿಯದು. ವ್ಯಾಪಾರ ಚೇತರಿಸಿದ ಮೇಲೆ ಹಳೆಯ ದರ ಕೇಳುವ ಬಾಯಿಯೂ ಇರದು. ಅದರ ಬದಲು 18,000ಕ್ಕೆ ಎರಡೇ ಪ್ರೆಸ್‌ನೋಟ್, ಗೋಷ್ಠಿಗೆ ಬೇರೆ ಬಿಲ್, ಅದೂ ಮೂರು ತಿಂಗಳ ಮಟ್ಟಿಗೆ ಎಂದು ಬರೆದುಕೊಡುವುದು ಲೇಸು.

ಆದರೆ ಹೆಚ್ಚು ಸಂಸ್ಥೆಗಳನ್ನು ಮುಳುಗಿಸುವುದು ಉದ್ರಿ. 30,000ದ ಬಿಲ್ಲಿಗೆ ಶೇ 18ರಂತೆ 5,400 ರೂಪಾಯಿ ಜಿಎಸ್‌ಟಿ. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಬಿಲ್ ಮಾಡಿದ ಮೇಲೆ ಅದನ್ನು ಕಟ್ಟಲೇಬೇಕು. ನಮ್ಮ ಖರ್ಚಿನಲ್ಲಿ ಸಂಬಳದ್ದೇ ದೊಡ್ಡ ಪಾಲು, ಅದಕ್ಕೆ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲ. ‘ಪಾಡ್ಯ ಮುಗೀಲಿ, ನೋಡೋಣ’ ಎಂಬ ಒಬ್ಬ ಗಿರಾಕಿ ನಾಲ್ಕು ತಿಂಗಳು ಎಳೆದರೆ 21,600 ರೂಪಾಯಿಯ ತೆರಿಗೆ ನಮ್ಮ ಕೈಯಿಂದಲೇ ಹೋಗುತ್ತದೆ.

ಇದಕ್ಕೆ ಕಾನೂನಿನ ಆಸರೆ ಇದೆ, ಬಳಸುವವರು ಕಡಿಮೆ. ಸಣ್ಣ ಉದ್ಯಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಅಚ್ಚು ಹಾಕಿಸಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಯಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ: ಸಣ್ಣ ಸಂಸ್ಥೆಗಳಿಗೆ ಕೊಡಬೇಕಾದ, ಗಡುವು ಮೀರಿದ ಬಾಕಿಯನ್ನು ಮಾರ್ಚ್ 31ರೊಳಗೆ ತೀರಿಸದಿದ್ದರೆ ಗಿರಾಕಿ ಅದನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ. ಹಾಗಾಗಿ ಮಾಲೀಕರಿಗೆ ಮೇಲಿಂದ ಮೇಲೆ ಫೋನ್ ಮಾಡುವುದಕ್ಕಿಂತ ಫೆಬ್ರುವರಿಯಲ್ಲೇ ಅವರ ಆಡಿಟರಿಗೆ ಬಾಕಿ ಪಟ್ಟಿ ಕಳುಹಿಸುವುದು ಫಲ ಕೊಡುತ್ತದೆ.

ಸುದ್ದಿ ಎಷ್ಟು ಚದರ ಸೆಂಟಿಮೀಟರ್ ಬಂತು ಎಂದು ಅಳೆದು, ಜಾಹೀರಾತು ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಎಂದು ತೋರಿಸುವ ವರದಿಗಳನ್ನೂ ಬಿಡಬೇಕು. ಪ್ರಚಾರದ ಫಲ ಅಳೆಯುವ ಬಗ್ಗೆ ಈ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳೇ ಈ ಲೆಕ್ಕವನ್ನು ತಳ್ಳಿಹಾಕಿವೆ. ಕೈ ಬಿಗಿಯಾದಾಗ ಮಾಲೀಕರು ಕೇಳುವುದು ಅಂಗಡಿಗೆ ಎಷ್ಟು ಜನ ಬಂದರು ಎಂದಷ್ಟೇ. ಪ್ರಚಾರಕ್ಕೆಂದೇ ಬೇರೆ ಫೋನ್ ನಂಬರ್ ಇಟ್ಟು, ಅದಕ್ಕೆ ಬಂದ ಕರೆಗಳನ್ನು ಎಣಿಸಿದರೆ ಉತ್ತರದ ಅಂದಾಜು ಸಿಗುತ್ತದೆ.

ಮಂದಗತಿಯಲ್ಲಿ ಹೆಚ್ಚುವ ಕೆಲಸವೂ ಒಂದಿದೆ: ವದಂತಿ ತಡೆಯುವುದು. ಸೌಹಾರ್ದ ಸಹಕಾರಿಯೊಂದರ ಮುಂದೆ ಠೇವಣಿದಾರರು ಸಾಲುಗಟ್ಟಿದರೆ ಮೊದಲು ಕೌಂಟರ್ ಸಿಬ್ಬಂದಿಗೆ, ನಂತರ ಠೇವಣಿದಾರರಿಗೆ, ಆಮೇಲೆ ಪತ್ರಿಕೆಗಳಿಗೆ ಒಂದೇ ದಿನ ಒಂದೇ ಮಾಹಿತಿ ಹೋಗಬೇಕು. ಅದರಲ್ಲಿ ಕೊನೆಯ ಆಡಿಟ್‌ನ ದಿನಾಂಕ, ಠೇವಣಿ, ಸಾಲ, ಕೈಯಲ್ಲಿರುವ ನಗದಿನ ಅಂಕಿ ಇರಲಿ. ಅವಸರದಲ್ಲಿ ‘5 ಲಕ್ಷದವರೆಗೆ ವಿಮೆ ಇದೆ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಆ ವಿಮೆ ಬ್ಯಾಂಕುಗಳ ಠೇವಣಿಗೆ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದಗಳಿಗಲ್ಲ.

ಪತ್ರಿಕೆಗಳಿಗೂ ಒಂದು ಮಾತು. ಸಿಬ್ಬಂದಿ ಕಡಿಮೆಯಾದ ಡೆಸ್ಕಿಗೆ ಪಿಡಿಎಫ್‌ನಲ್ಲಿ, ಸಂಜೆ ಏಳಕ್ಕೆ, ಫೋಟೊದಲ್ಲಿರುವವರ ಹೆಸರಿಲ್ಲದೆ ಪ್ರೆಸ್‌ನೋಟ್ ಕಳುಹಿಸುವುದು ನಮ್ಮವರ ತಪ್ಪೇ. ಯೂನಿಕೋಡ್ ಪಠ್ಯವನ್ನು ಮಧ್ಯಾಹ್ನದೊಳಗೆ ತಲುಪಿಸಬೇಕು. ಆದರೆ ಜಾಹೀರಾತು ಕೊಟ್ಟರಷ್ಟೇ ಸುದ್ದಿ ಎಂಬ ಷರತ್ತು ಮಂದಗತಿಯಲ್ಲಿ ಹೆಚ್ಚಾಗುತ್ತಿದೆ. ಹಾಗೆ ಹಾಕುವುದಾದರೆ ಅದರ ಮೇಲೆ ‘ಜಾಹೀರಾತು’ ಎಂದೇ ಅಚ್ಚಾಗಲಿ.

– ಸಾರ್ವಜನಿಕ ಸಂಪರ್ಕ ಕ್ಷೇತ್ರದ ಕೆಲವರು, ಹುಬ್ಬಳ್ಳಿ