ಬೊಂಬೆಯ ಬಣ್ಣದ ಪೆಟ್ಟಿಗೆಗೆ ಎರಡು ಅಂಕಣದ ಜಾಗ ಕೊಡಿ

ಗೆ,
ಸಂಪಾದಕರು,
ವಾಚಕರ ಪತ್ರ ವಿಭಾಗ

ಮಾನ್ಯರೇ,

ತಮ್ಮ ಪತ್ರಿಕೆಯ ಇದೇ ವಿಭಾಗದಲ್ಲಿ ಓದುಗರೊಬ್ಬರು, ಫ್ಯಾಷನ್ ಬೊಂಬೆಗಳಿಂದಾಗಿ ನಮ್ಮ ಹೆಣ್ಣುಮಕ್ಕಳು ಅಲಂಕಾರದ ಹುಚ್ಚಿಗೆ ಬೀಳುತ್ತಿದ್ದಾರೆ, ಆದುದರಿಂದ ಅಂಥ ಬೊಂಬೆಗಳನ್ನು ಮನೆಯೊಳಗೆ ತರಲೇಬಾರದು ಎಂದು ಬರೆದಿದ್ದರು. ಅವರ ಕಳವಳವನ್ನು ನಾನು ತಳ್ಳಿಹಾಕುವುದಿಲ್ಲ. ಬೊಂಬೆಗೆ ಕೊಟ್ಟ ಹಣಕ್ಕಿಂತ ಅದರ ಚೀಲ, ಚಪ್ಪಲಿ, ಕನ್ನಡಿ, ಪೀಠೋಪಕರಣಗಳಿಗೆ ಆಮೇಲೆ ಹೋಗುವ ಹಣವೇ ಹೆಚ್ಚು ಎಂಬುದು ಮಕ್ಕಳಿರುವ ಎಲ್ಲ ಮನೆಗಳ ಅನುಭವ. ಆದರೆ ಆ ಸಾಮಾನುಗಳನ್ನು ಕೊಳ್ಳದೆ ಮಗುವೇ ಕುಳಿತು ಮಾಡುವಂತಾದರೆ ಅದೇ ಬೊಂಬೆ ಅಳತೆ, ಹೊಲಿಗೆ, ಬಣ್ಣ, ಮರಗೆಲಸಗಳನ್ನು ಕಲಿಸುವ ಪಾಠವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಈ ಕೆಲಸದಲ್ಲಿ ತಮ್ಮ ಪತ್ರಿಕೆಯಿಂದ ಆಗಬಹುದಾದ ಒಂದು ಉಪಕಾರವನ್ನು ಕೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬದಿಯಡ್ಕದ ಸಮೀಪದವಳು. ಕನ್ನಡ ಮಾಧ್ಯಮ ಶಾಲೆಯಲ್ಲಿ ಹೊಲಿಗೆ ಅಧ್ಯಾಪಿಕೆಯಾಗಿದ್ದು ನಿವೃತ್ತಳಾಗಿದ್ದೇನೆ. ಕಳೆದ ಬೇಸಗೆ ರಜೆಯಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳ ಮಗಳು ತನ್ನ ಬೊಂಬೆಯನ್ನು ತಂದು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ಇವಳು ಚಿತ್ರ ಬಿಡಿಸುವವಳು, ಆದರೆ ಇವಳ ಹತ್ತಿರ ಒಂದು ಪೆನ್ಸಿಲ್ ಕೂಡ ಇಲ್ಲ" ಎಂದಳು. ಮೊದಲು ಅವಳ ಅಪ್ಪ ಆನ್‌ಲೈನಿನಲ್ಲಿ ಒಂದು ಪುಟಾಣಿ ಚಿತ್ರಕಲಾ ಸೆಟ್ ತರಿಸಿಕೊಟ್ಟರು. ಬಂದದ್ದು ಬೊಂಬೆಯ ಕೈಗೆ ತೀರ ಚಿಕ್ಕದಾಗಿತ್ತು. ಕಾರಣ ಆಮೇಲೆ ತಿಳಿಯಿತು: ಬೊಂಬೆಮನೆಯ ಸಾಮಾನುಗಳನ್ನು ಸಾಮಾನ್ಯವಾಗಿ ನಿಜವಾದ ಅಳತೆಯ ಹನ್ನೆರಡರಲ್ಲಿ ಒಂದು ಪಾಲಿಗೆ ಮಾಡುತ್ತಾರೆ, ಬಾರ್ಬಿಯಂಥ ಫ್ಯಾಷನ್ ಬೊಂಬೆಗೆ ಬೇಕಾದದ್ದು ಆರರಲ್ಲಿ ಒಂದು ಪಾಲಿನ ಸಾಮಾನು. ಮಾರುವವರು ಅಳತೆಯನ್ನು ಎಲ್ಲೂ ಸ್ಪಷ್ಟವಾಗಿ ಹೇಳಿರಲಿಲ್ಲ. ಹಾಗೆ ಹೋದ ಹಣ ಹೋಯಿತು, ಆದರೆ "ಆರರಲ್ಲಿ ಒಂದು" ಎಂಬ ಸೂತ್ರ ನಮ್ಮ ಕೈಗೆ ಸಿಕ್ಕಿತು.

ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಸುಮಾರು 29 ಸೆಂ.ಮೀ. ಅದನ್ನು ಆರರಿಂದ ಗುಣಿಸಿದರೆ ಒಬ್ಬ ಎತ್ತರದ ಹೆಂಗಸಿನ ಎತ್ತರ ಬರುತ್ತದೆ. ಇದನ್ನು ಕಾಗದದ ಮೇಲೆ ಗುಣಿಸಿ ನೋಡಿದ ಮೇಲೆ ನನ್ನ ಮೊಮ್ಮಗಳು ಮನೆಯಲ್ಲಿದ್ದ ಎಲ್ಲ ವಸ್ತುಗಳಿಗೂ ಅಳತೆಪಟ್ಟಿ ಹಿಡಿಯತೊಡಗಿದಳು. 24 ಸೆಂ.ಮೀ. ಉದ್ದದ ಬ್ರಷ್ 4 ಸೆಂ.ಮೀ. ಆಗಬೇಕು. 18 ಸೆಂ.ಮೀ. ಪೆನ್ಸಿಲ್ 3 ಸೆಂ.ಮೀ. ಆಗಬೇಕು. ಎ4 ಹಾಳೆ 297 ಮಿ.ಮೀ. ಉದ್ದ, 210 ಮಿ.ಮೀ. ಅಗಲ ಇರುವುದರಿಂದ ಬೊಂಬೆಯ ಎ4 ಹಾಳೆ 49.5 ಮಿ.ಮೀ. ಮತ್ತು 35 ಮಿ.ಮೀ. ಆಗುತ್ತದೆ. ಆ ಅರ್ಧ ಮಿಲಿಮೀಟರನ್ನು ಪಟ್ಟಿಯಲ್ಲಿ ಹೇಗೆ ಗುರುತಿಸುವುದು ಎಂದು ಮಗು ಕೇಳಿದಾಗ, ದಶಮಾಂಶದ ಪಾಠ ತನ್ನಷ್ಟಕ್ಕೆ ಮನೆಯ ಜಗಲಿಗೆ ಬಂದು ಕುಳಿತಿತ್ತು.

ಉದ್ದಕ್ಕಿಂತ ದಪ್ಪವೇ ಕಷ್ಟದ್ದು. ಪೆನ್ಸಿಲಿನ ದಪ್ಪ ಸುಮಾರು 7 ಮಿ.ಮೀ., ಆರರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಹಲ್ಲುಕಡ್ಡಿ ಎರಡು ಮಿಲಿಮೀಟರ್ ದಪ್ಪ ಇರುವುದರಿಂದ ಅದು ಬೊಂಬೆಯ ಕೈಯಲ್ಲಿ ಪೆನ್ಸಿಲಿನ ಹಾಗೆ ಕಾಣದೆ ಒನಕೆಯ ಹಾಗೆ ಕಾಣುತ್ತದೆ. ನಮಗೆ ಬೇಕಾದದ್ದು ಮೂಲೆಯಲ್ಲಿದ್ದ ಹಿಡಿಸೂಡಿಯಲ್ಲಿ ಸಿಕ್ಕಿತು. ತೆಂಗಿನ ಗರಿಯ ಕಡ್ಡಿ ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವುದರಿಂದ, ಬುಡದ ಭಾಗ ದೊಡ್ಡ ಬ್ರಷ್‌ಗಳ ಹಿಡಿಗೂ ನಡುವಿನ ಭಾಗ ಪೆನ್ಸಿಲಿಗೂ ತುದಿಯ ಭಾಗ ಸಣ್ಣ ಬ್ರಷ್‌ಗೂ ಸರಿಹೋಗುತ್ತದೆ. ಹಳೆಯ ಬ್ರಷ್‌ನಿಂದ ಕತ್ತರಿಸಿದ ಏಳೆಂಟು ಕೂದಲುಗಳನ್ನು ಕಡ್ಡಿಯ ತುದಿಗೆ ಅಂಟು ಹಚ್ಚಿ ನಿಲ್ಲಿಸಿ, ಅದರ ಮೇಲೆ ಬೆಳ್ಳಿಯ ಬಣ್ಣದ ಜರಿ ನೂಲನ್ನು ಒಂದರ ಪಕ್ಕದಲ್ಲಿ ಒಂದು ಬರುವಂತೆ ಬಿಗಿಯಾಗಿ ಸುತ್ತಿದರೆ, ನಿಜವಾದ ಬ್ರಷ್‌ನ ಲೋಹದ ಕಟ್ಟು ಹೇಗಿರುತ್ತದೋ ಹಾಗೆಯೇ ಕಾಣುತ್ತದೆ. ನೂಲು ಸುತ್ತುವಾಗ ಮಗು ಉಸಿರು ಬಿಗಿಹಿಡಿದಿತ್ತು. ಆರನೆಯ ಬ್ರಷ್ ಆಗುವ ಹೊತ್ತಿಗೆ ನನ್ನ ಕೈಗಿಂತ ಅವಳ ಕೈಯೇ ಸ್ಥಿರವಾಗಿತ್ತು.

ಬಣ್ಣದ ಟ್ಯೂಬುಗಳಿಗೆ ಊಟದ ಪಾರ್ಸೆಲ್ ಬರುವ ಅಲ್ಯುಮಿನಿಯಮ್ ತಟ್ಟೆಯ ಅಂಚನ್ನು ಕತ್ತರಿಸಿದೆವು. ಆ ತಗಡಿನ ಸಣ್ಣ ಚೂರನ್ನು ಪೆನ್ನಿನ ರೀಫಿಲ್‌ಗೆ ಸುತ್ತಿ, ರೀಫಿಲನ್ನು ಎಳೆದು ತೆಗೆದು, ಒಂದು ತುದಿಯನ್ನು ಚಪ್ಪಟೆ ಮಾಡಿ ಎರಡು ಮಡಿಕೆ ಮಡಚಿ, ಇನ್ನೊಂದು ತುದಿಗೆ ಕಸೂತಿಯ ಕರಿಮಣಿಯೊಂದನ್ನು ಮುಚ್ಚಳವಾಗಿ ಅಂಟಿಸಿದರೆ 17 ಮಿಲಿಮೀಟರಿನ ಟ್ಯೂಬು ಸಿದ್ಧ. ಬಣ್ಣ ಕಲಸುವ ತಟ್ಟೆಗೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ಬೇರಿಲ್ಲ. ಹಾಳೆಯನ್ನು ನೆನೆಸಿ ಒಳಮೈಯ ನಯವಾದ ಪದರವನ್ನು ಎಬ್ಬಿಸಿ, ದಪ್ಪ ಪುಸ್ತಕದ ಅಡಿಯಲ್ಲಿಟ್ಟು ಒಣಗಿಸಿದರೆ ಅದು ಮರದ ಹಲಗೆಯ ಬಣ್ಣದಲ್ಲಿಯೇ ಇರುತ್ತದೆ. ಹೆಬ್ಬೆರಳಿನ ತೂತಿಗೆ ಕಾಗದ ತೂತು ಮಾಡುವ ಪಂಚಿಂಗ್ ಮೆಷಿನ್ ಸಾಕು. ತಟ್ಟೆಯ ಮೇಲೆ ಬಣ್ಣದ ಮುದ್ದೆಗಳಿಗೆ ಪೋಸ್ಟರ್ ಬಣ್ಣಕ್ಕೆ ಫೆವಿಕಾಲ್ ಬೆರೆಸಿ ಹನಿ ಹನಿಯಾಗಿ ಇಟ್ಟರೆ ಒಣಗಿದ ಮೇಲೂ ಈಗಷ್ಟೇ ಹಿಂಡಿದ ಹಾಗೆ ಹೊಳೆಯುತ್ತದೆ. ಚಿತ್ರ ನಿಲ್ಲಿಸುವ ಮುಕ್ಕಾಲಿಗೆ, ಅಂದರೆ ಈಸೆಲ್‌ಗೆ, ಅಡಿಕೆ ಮರದ ಸಲಾಕೆಯಿಂದ ಸೀಳಿದ 25 ಸೆಂ.ಮೀ. ಉದ್ದದ ಮೂರು ತುಂಡುಗಳು ಬೇಕು. ಮೂರೇ ಕಾಲು ಯಾಕೆ ಎಂದು ಮಗು ಕೇಳಿದಾಗ, ಮೂರು ಕಾಲಿನದ್ದು ಎಂಥ ಏರುತಗ್ಗಿನ ನೆಲದ ಮೇಲೂ ಅಲುಗಾಡದೆ ನಿಲ್ಲುತ್ತದೆ ಎಂಬುದನ್ನು ಅಂಗಳದ ಕಲ್ಲುಮಣ್ಣಿನ ಮೇಲೆಯೇ ಇಟ್ಟು ತೋರಿಸಿದೆ.

ಹೊಲಿಗೆಯವಳಾದ ನನಗೆ ಹೆಚ್ಚು ಕಲಿಸಿದ್ದು ಬಟ್ಟೆ. ಬೊಂಬೆಗೆ ಬಣ್ಣ ತಾಗದಂತೆ ಒಂದು ಏಪ್ರನ್, ಬ್ರಷ್‌ಗಳನ್ನು ಸುತ್ತಿಡಲು ಒಂದು ಚೀಲ ಹೊಲಿಯಬೇಕಾಗಿತ್ತು. ನಲವತ್ತು ವರ್ಷ ಹೊಲಿದ ಕೈಗೆ ಇದೇನು ದೊಡ್ಡದು ಎಂದುಕೊಂಡು ಮೆಷಿನಿನಲ್ಲಿ ಎಂದಿನಂತೆ ಎರಡೂವರೆ ಮಿಲಿಮೀಟರ್ ಹೊಲಿಗೆ ಹಾಕಿದೆ. ಬೊಂಬೆಯ ಲೆಕ್ಕದಲ್ಲಿ ಅದು ಒಂದೂವರೆ ಸೆಂಟಿಮೀಟರಿನ ಹೊಲಿಗೆ. ನಾವು ಬಟ್ಟೆ ಕೂಡಿಸಲು ತಾತ್ಕಾಲಿಕವಾಗಿ ಹಾಕುವ ಕಚ್ಚಾ ಹೊಲಿಗೆಯಂತೆ ಕಾಣುತ್ತಿತ್ತು. ಬಿಚ್ಚಿ, ಕೈಯಲ್ಲೇ ಒಂದೊಂದು ಮಿಲಿಮೀಟರಿಗೆ ಹೊಲಿದೆ. ಸಾಧಾರಣ ಹತ್ತಿಯ ಬಟ್ಟೆ ಬೊಂಬೆಯ ಮೈಮೇಲೆ ಗೋಣಿಯಂತೆ ನಿಲ್ಲುತ್ತದೆ. ಹತ್ತಾರು ವರ್ಷ ಉಟ್ಟು ಒಗೆದು ಮೆತ್ತಗಾದ ನನ್ನ ತಾಯಿಯ ಕಾಸರಗೋಡು ಸೀರೆಯ ಸೆರಗಿನ ತುಂಡು ಮಾತ್ರ ಸರಿಯಾಗಿ ಇಳಿಬಿದ್ದಿತು. ಟಿಚ್ ಬಟನ್ನಿನಲ್ಲಿ ಅತಿ ಚಿಕ್ಕದು ಕೂಡ ಬೊಂಬೆಯ ಮೇಲೆ ಚಹಾದ ಲೋಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುವುದರಿಂದ, ಮಣಿ ಮತ್ತು ನೂಲಿನ ಕುಣಿಕೆಯೇ ಗತಿ.

ಪತ್ರ ಬರೆದ ಓದುಗರು ಈ ಬೊಂಬೆಯನ್ನು ಕಾರ್ಖಾನೆಯ ಸರಕು ಎಂದಿದ್ದಾರೆ. ಅದು ನಿಜವೇ. ಆದರೆ 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿಯನ್ನು ಮೊದಲ ಬಾರಿ ಪ್ರದರ್ಶನಕ್ಕೆ ಇಟ್ಟಾಗ, ಅದರ ಪುಟ್ಟ ಉಡುಪುಗಳನ್ನು ಕೈಯಲ್ಲಿ ಹೊಲಿದುಕೊಟ್ಟವರು ಜಪಾನಿನ ಮನೆಮನೆಗಳಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರು. ಆ ಬೊಂಬೆಯ ಯೋಚನೆ ಅದನ್ನು ತಯಾರಿಸಿದ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಅವರಿಗೆ ಹೊಳೆದದ್ದೂ, ತಮ್ಮ ಮಗಳು ಕಾಗದದ ಬೊಂಬೆಗಳನ್ನು ದೊಡ್ಡ ಹೆಂಗಸರನ್ನಾಗಿ ಭಾವಿಸಿ ಆಡುತ್ತಿದ್ದುದನ್ನು ಕಂಡು. ದೊಡ್ಡವಳಾದ ಮೇಲೆ ತಾನು ಏನಾಗಬೇಕು ಎಂಬುದನ್ನು ಮಗು ಬೊಂಬೆಯ ಮೂಲಕ ಆಡಿ ನೋಡುತ್ತದೆ. ಆ ಆಟದಲ್ಲಿ ಬೊಂಬೆಯ ಕೈಗೆ ಕನ್ನಡಿ ಕೊಡುವುದೋ ಬ್ರಷ್ ಕೊಡುವುದೋ ಎಂಬುದು ಮನೆಯವರಾದ ನಮಗೆ ಬಿಟ್ಟದ್ದು.

ಪುಟ್ಟ ಬೊಂಬೆಗೆ ಪೂರ್ಣ ವೇಷಭೂಷಣ ಕಟ್ಟುವ ಕೆಲಸ ಕಾಸರಗೋಡಿಗೆ ಹೊಸತೂ ಅಲ್ಲ, ಹಗುರವೂ ಅಲ್ಲ. ಇಲ್ಲಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ಸೂತ್ರದ ಬೊಂಬೆಗಳಿಗೆ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಮನುಷ್ಯರ ವೇಷದಲ್ಲಿ ಇರುವಂತೆಯೇ ಚಿಕ್ಕ ಅಳತೆಯಲ್ಲಿ ತೊಡಿಸಿ ರಂಗದ ಮೇಲೆ ಕುಣಿಸುತ್ತ ಬಂದಿದ್ದಾರೆ. ಅದನ್ನು ಕಲೆ ಎಂದು ಗೌರವಿಸುವ ನಾವು, ಮನೆಯ ಹುಡುಗಿ ತನ್ನ ಬೊಂಬೆಗೆ ಅಷ್ಟೇ ನಿಷ್ಠೆಯಿಂದ ಒಂದು ಬಣ್ಣದ ಪೆಟ್ಟಿಗೆ ಮಾಡಿದಾಗ ಅದನ್ನು ಹುಡುಗಾಟ ಎನ್ನುವುದು ನ್ಯಾಯವಲ್ಲ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಇಂಥ ಕೆಲಸವನ್ನು ಕಲಿಸುವ ವಿಡಿಯೋಗಳಿಗೆ ಕೊರತೆಯಿಲ್ಲ, ಆದರೆ ನನ್ನ ಮೊಮ್ಮಗಳಿಗೆ ಸಿಕ್ಕಿದವುಗಳೆಲ್ಲ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇದ್ದವು. ಕನ್ನಡದಲ್ಲಿ ಓದುತ್ತಿರುವ ಮಗುವಿಗೆ ಸಲಾಕೆ, ಕುಣಿಕೆ, ಮಡಿಕೆ, ಕಚ್ಚಾ ಹೊಲಿಗೆ ಎಂಬ ಮಾತುಗಳು ಕೇಳದೆಯೇ ಹೋಗುತ್ತವೆ. ಇದಕ್ಕಿಂತಲೂ ಮುಖ್ಯವಾದ ತೊಡಕು ಇನ್ನೊಂದಿದೆ. ಮೊಬೈಲಿನ ಪರದೆಯ ಮೇಲೆ ಚಿತ್ರ ಒಂದೊಂದು ಫೋನಿನಲ್ಲಿ ಒಂದೊಂದು ಗಾತ್ರಕ್ಕೆ ಕಾಣುತ್ತದೆ, ಬೆರಳು ತಾಗಿದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಿಂದ ಅಳತೆ ತೆಗೆಯಲಾಗದು. ಮುದ್ರಿಸಿದ ಪುಟ ಹಾಗಲ್ಲ. ಆರರಲ್ಲಿ ಒಂದು ಅಳತೆಯ ವಸ್ತುಗಳು ಎಷ್ಟು ಚಿಕ್ಕವು ಎಂದರೆ, ಅವುಗಳ ನಿಜ ಗಾತ್ರದ ನಕಾಶೆ ಪತ್ರಿಕೆಯ ಎರಡು ಅಂಕಣಗಳ ಅಗಲದಲ್ಲಿ ಆರಾಮವಾಗಿ ಹಿಡಿಯುತ್ತದೆ. ಬಣ್ಣದ ತಟ್ಟೆ 5 ಸೆಂ.ಮೀ.; ಚಿತ್ರದ ಪುಸ್ತಕ ಅದಕ್ಕಿಂತ ದೊಡ್ಡದಲ್ಲ; ಈಸೆಲ್‌ನ ಕಾಲು ಕೂಡ ಅರ್ಧ ಪುಟದ ಉದ್ದದೊಳಗೆ ಮುಗಿಯುತ್ತದೆ. ಮಗು ಪುಟವನ್ನು ಕತ್ತರಿಸಿ, ಹಾಳೆಯ ಮೇಲೆ ಇಟ್ಟು, ಗೆರೆ ಎಳೆದು, ಕೆಲಸ ಆರಂಭಿಸಬಹುದು. ಇಷ್ಟು ಅನುಕೂಲ ದಿನಪತ್ರಿಕೆಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ಆದುದರಿಂದ ತಮ್ಮ ವಾರದ ಮಕ್ಕಳ ಪುಟದಲ್ಲಿ ಪ್ರತಿ ವಾರ ಒಂದು ವಸ್ತುವಿನ ನಿಜ ಗಾತ್ರದ ನಕಾಶೆಯನ್ನೂ ಮಾಡುವ ಕ್ರಮವನ್ನೂ ಕನ್ನಡದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಶಾಲೆಗಳ ವೃತ್ತಿ ಪರಿಚಯ ಮೇಳಕ್ಕೆ ನಾನು ಮಕ್ಕಳನ್ನು ಕರೆದೊಯ್ಯುತ್ತಿದ್ದ ವರ್ಷಗಳಲ್ಲಿ, ಗೆರಟೆ, ಮಣಿ, ಕಸೂತಿ ಮುಂತಾದ ಕೆಲಸಗಳನ್ನು ಅವರು ಮೂರು ಗಂಟೆಯೊಳಗೆ ತೀರ್ಪುಗಾರರ ಎದುರಲ್ಲೇ ಮಾಡಿ ತೋರಿಸುತ್ತಿದ್ದರು. ಅಳತೆಗೆ ತಕ್ಕಂತೆ ಚಿಕ್ಕದಾಗಿ ಮಾಡುವ ಕೆಲಸವೂ ಅಲ್ಲಿ ಒಂದು ಸ್ಪರ್ಧೆಯಾಗಬೇಕು ಎಂಬುದು ನನ್ನ ಆಸೆ. ಸಂಬಂಧಪಟ್ಟವರು ಓದಿದರೆ ಗಮನಿಸಲಿ.

ಎರಡು ಎಚ್ಚರಿಕೆಗಳನ್ನು ನಕಾಶೆಯ ಜೊತೆಗೆ ತಪ್ಪದೆ ಹಾಕಬೇಕು. ಮಣಿ, ಟ್ಯೂಬಿನಂಥ ಚೂರುಗಳು ಮೂರು ವರ್ಷದೊಳಗಿನ ಮಕ್ಕಳ ಬಾಯಿಗೆ ಸಿಕ್ಕರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನು ಕ್ಷಣಮಾತ್ರದಲ್ಲಿ ಹಿಡಿಯುವ ಅಂಟನ್ನು ಮಕ್ಕಳ ಕೈಗೆ ಕೊಡಬಾರದು. ಆ ಅಂಟು ಹತ್ತಿಯ ಬಟ್ಟೆಗೆ ತಾಗಿದರೆ ಬಿಸಿಯೇಳುತ್ತದೆ ಎಂಬುದು ನನಗೆ ತಿಳಿದದ್ದು ನನ್ನದೇ ಸೀರೆಯ ಮೇಲೆ ನಾಲ್ಕು ಹನಿ ಚೆಲ್ಲಿ ತೊಡೆ ಸುಟ್ಟುಕೊಂಡ ದಿನ. ಹೊಗೆಯಾಡುವುದನ್ನು ಕಂಡು ಮಗು ಹೆದರಿ ಅತ್ತಿತ್ತು. ಫೆವಿಕಾಲ್ ಒಣಗಲು ಹೊತ್ತು ಹಿಡಿಯುತ್ತದೆ ನಿಜ, ಆದರೆ ಮಕ್ಕಳಿಗೆ ಅದುವೇ ಸರಿ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ನಮ್ಮ ಕುಟುಂಬಶ್ರೀಯ ಘಟಕಗಳ ಹೆಂಗಸರಲ್ಲಿ ಕೆಲವರು ಇವನ್ನು ಮಾಡಿ ಮಾರುವ ಯೋಚನೆಯಲ್ಲಿದ್ದಾರೆ. 2021ರ ಜನವರಿ 1ರಿಂದ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ ಎಂಬುದನ್ನು ಅವರು ಮೊದಲೇ ತಿಳಿದಿರುವುದು ಒಳ್ಳೆಯದು.

ಬಣ್ಣದ ತಟ್ಟೆ, ಬ್ರಷ್ ಸುತ್ತುವ ಚೀಲ ಮತ್ತು ಎಂಟು ಹಾಳೆಯ ಚಿತ್ರದ ಪುಸ್ತಕ, ಈ ಮೂರರ ನಕಾಶೆಗಳನ್ನು ನಾನೇ ಶಾಯಿಯಲ್ಲಿ ಬರೆದು ಈ ಪತ್ರದ ಜೊತೆಗೆ ಇಟ್ಟಿದ್ದೇನೆ. ಪುಸ್ತಕದ ಹಾಳೆಗೆ ಹೊಸ ಸೀರೆಯ ಮಡಿಕೆಯೊಳಗೆ ಬರುವ ತೆಳು ಕಾಗದವನ್ನೇ ಬಳಸಬೇಕು, ನೋಟ್ ಪುಸ್ತಕದ ಹಾಳೆ ಬೊಂಬೆಗೆ ರಟ್ಟಿನಂತಾಗುತ್ತದೆ ಎಂದು ಅಂಚಿನಲ್ಲಿ ಬರೆದಿದ್ದೇನೆ. ಪ್ರತಿ ನಕಾಶೆಯ ಕೆಳಗೂ 5 ಸೆಂ.ಮೀ. ಉದ್ದದ ಒಂದು ಗೆರೆ ಎಳೆದಿದೆ. ಮುದ್ರಣಕ್ಕೆ ಮೊದಲು ತಮ್ಮ ಪುಟ ವಿನ್ಯಾಸದವರು ಆ ಗೆರೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಬೇಕು. ಜಾಗ ಸಾಲದೆ ಹೋದರೆ ನನ್ನ ವಿವರಣೆಯ ಸಾಲುಗಳನ್ನು ಬೇಕಾದಷ್ಟು ಕಡಿಮೆ ಮಾಡಿ, ನಕಾಶೆಯನ್ನು ಮಾತ್ರ ಕುಗ್ಗಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ