ಹಿಮ್ಮೇಳದ ಮಕ್ಕಳಿಗೆ ಮನೆಯಾಯಿತು, ನಿಮಗೆಲ್ಲ ನಮಸ್ಕಾರ

ಅಂತೂ ಆಯಿತು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಯಕ್ಷಗಾನ ಹಿಮ್ಮೇಳ ತರಗತಿಗೆ ಸ್ವಂತ ಕಟ್ಟಡ ಆಗಿದೆ. ಕಳೆದ ಭಾನುವಾರ ಗಣಹೋಮ ಮುಗಿಸಿ ಮಕ್ಕಳೆಲ್ಲ ಒಳಗೆ ಸಾಲಾಗಿ ಕೂತು ಬಾಯಿತಾಳ (ಬಾರಿಸುವ ಪೆಟ್ಟುಗಳನ್ನು ಬಾಯಲ್ಲಿ ಹೇಳುವುದು) ಹೇಳಿದ್ದೂ ಆಯಿತು. ಬಂದವರಿಗೆಲ್ಲ ಅವತ್ತೇ ಕೈಮುಗಿದು ಮಾತಾಡಬೇಕು ಎಂದಿತ್ತು. ಆದರೆ ಊಟದ ಗಡಿಬಿಡಿ, ಅದರ ಮೇಲೆ ಸಂಜೆಯ ತಾಳಮದ್ದಳೆ, ಹಾಗಾಗಿ ಎಷ್ಟೋ ಜನರ ಹತ್ತಿರ ಒಂದು ಮಾತೂ ಆಡಲಿಕ್ಕೆ ಆಗಲಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಪೂರ್ತಿ ಓದಿ.

ದೂರದಲ್ಲಿದ್ದುಕೊಂಡೇ ಹಣ ಕಳಿಸಿದವರು ಹಲವರಿದ್ದೀರಿ, ಯಕ್ಷಗಾನವನ್ನು ದೂರದಿಂದ ನೋಡಿ ಮಾತ್ರ ಗೊತ್ತಿದ್ದವರೂ ಇದ್ದೀರಿ. ನಿಮಗಾಗಿ ಎರಡು ಮಾತು. ವೇಷ ಎದುರಿಗೆ ಕಾಣುತ್ತದೆ, ಹಾಗಾಗಿ ವೇಷ ಕಲಿಸಿ ಎಂದು ಬರುವ ಮಕ್ಕಳು ಎಲ್ಲ ಊರಿನಲ್ಲೂ ಸಿಗುತ್ತಾರೆ. ಹಿಂದೆ ಕೂತು ಆಟವನ್ನು ನಡೆಸುವುದು ಹಿಮ್ಮೇಳ. ಭಾಗವತರ ಹಾಡು, ಮದ್ದಳೆ, ಚೆಂಡೆ, ಚಕ್ರತಾಳ. ಇದನ್ನು ಕಲಿಯಲಿಕ್ಕೆ ವರ್ಷಗಟ್ಟಲೆ ಬೇಕು, ಚಪ್ಪಾಳೆ ಕಡಿಮೆ, ಮನೆಯಲ್ಲಿ ಅಭ್ಯಾಸ ಮಾಡಿದರೆ ನೆರೆಮನೆಯವರ ದೂರು ಬೇರೆ. ಆದರೆ ಹಿಮ್ಮೇಳ ಇಲ್ಲದೆ ಆಟ ಇಲ್ಲ, ಅಲ್ವಾ? ನಮ್ಮ ತರಗತಿ ಶುರುವಾದದ್ದೇ ಅದಕ್ಕೆ.

ಕಟ್ಟಡ ಯಾಕೆ ಬೇಕಿತ್ತು ಎಂದು ಹಲವರು ಕೇಳಿದ್ದರು. ಮರದ ಕೆಳಗೆ ಕೂತು ಕಲಿತವರಿಲ್ಲವೇ ಎಂದವರೂ ಉಂಟು. ಕಾರಣ ಮಳೆ. ನಮ್ಮ ಗುರುಗಳು ಮೇಳದಲ್ಲಿ ಮದ್ದಳೆಗಾರರು. ನವೆಂಬರಿನಿಂದ ಅವರಿಗೆ ರಾತ್ರಿಯಿಡೀ ಆಟ, ಹಗಲು ನಿದ್ದೆ ಮತ್ತು ಪ್ರಯಾಣ. ಮೇ ತಿಂಗಳ ಕೊನೆಗೆ ಪತ್ತನಾಜೆ, ಎಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದು ಮೇಳ ಒಳಗಾದ ಮೇಲೆಯೇ ಅವರು ಮಕ್ಕಳಿಗೆ ಸರಿಯಾಗಿ ಸಿಗುವುದು. ಎಂದರೆ ನಮಗೆ ಕಲಿಯುವ ಕಾಲವೂ ಮಳೆಗಾಲವೂ ಒಂದೇ. ನಮ್ಮ ಕಡೆಯ ಜೂನ್ ಜುಲೈ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಥಂಡಿಗೆ ಮದ್ದಳೆಯ ಚರ್ಮದ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿದುಬಿಡುತ್ತದೆ, ಬೆಂಕಿಗೆ ಹಿಡಿದು ಕಾಯಿಸಿ ಬಡಿದು ಏರಿಸಿ ಶುರುಮಾಡಿದರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿದಿರುತ್ತದೆ. ಚರ್ಮಕ್ಕೆ ಬೂಷ್ಟು ಹಿಡಿದು ಹಾಳಾದ ಮುಚ್ಚಿಗೆಗಳ ಲೆಕ್ಕ ಇಟ್ಟವರಿಲ್ಲ. ಹೊಸ ಮುಚ್ಚಿಗೆ ಹಾಕಿಸಲು ಆದ ಖರ್ಚು ನೋಡಿದರೆ ಗೋಡೆ ಕಟ್ಟಿಸುವುದೇ ಲಾಭ ಎಂದು ಆಗ ಯಾರೋ ಹೇಳಿದ್ದರು, ಅದು ನಿಜವೇ ಆಗಿತ್ತು.

ಮೊದಲಿದ್ದ ಕೋಣೆಯನ್ನು ನಾವು ಬಿಡಬೇಕಾಗಿ ಬಂತು. ಅದರ ಬಗ್ಗೆ ಈಗ ಮಾತು ಬೇಡ, ಅಷ್ಟು ವರ್ಷ ಕೊಟ್ಟಿದ್ದರಲ್ಲ, ಅವರಿಗೂ ನಮಸ್ಕಾರ. ಆಮೇಲೆ ತರಗತಿ ಮನೆಯಿಂದ ಮನೆಗೆ ಹೋಯಿತು. ಒಂದು ವಾರ ಒಬ್ಬರ ಚಾವಡಿ, ಇನ್ನೊಂದು ವಾರ ಇನ್ನೊಬ್ಬರ ಅಡಿಕೆ ಕೊಟ್ಟಿಗೆ. ಆ ಮನೆಗಳ ಅಕ್ಕಂದಿರಿಗೆ, ಅತ್ತೆಯವರಿಗೆ ನಾನು ಮೊದಲು ಕೈಮುಗಿಯಬೇಕು. ಮಧ್ಯಾಹ್ನದ ಹೊತ್ತು ಮನೆಯೊಳಗೆ ಎರಡು ಚೆಂಡೆ ಒಟ್ಟಿಗೆ ಮೊಳಗುವುದನ್ನು ಸಹಿಸಿಕೊಂಡು, ಮೇಲಿಂದ ಅಷ್ಟೂ ಮಕ್ಕಳಿಗೆ ಚಹಾ ಮತ್ತು ಅವಲಕ್ಕಿ ಮಾಡಿಕೊಟ್ಟವರು ಅವರು. ರಶೀದಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ನನ್ನ ಲೆಕ್ಕದಲ್ಲಿ ಈ ಕಟ್ಟಡದ ಅಡಿಪಾಯ ಅವರದ್ದೇ.

ಅದಕ್ಕಿಂತ ಕಷ್ಟದ ಕಾಲ ಕೊರೋನಾದ 2020. ಗುರುಗಳ ಮನೆ ಕರ್ನಾಟಕದ ವಿಟ್ಲದ ಕಡೆ, ನಾವು ಗಡಿಯ ಈಚೆ ಕೇರಳದಲ್ಲಿ. ಆ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. ದಿನಾ ಗಡಿಯ ಸಾರಡ್ಕ ದಾಟಿ ಓಡಾಡುತ್ತಿದ್ದವರಿಗೆ ಅದು ಬೇರೆ ದೇಶವೇ ಆಗಿಬಿಟ್ಟಿತು. ವಿಡಿಯೋ ಕಾಲ್ ಮಾಡಿ ನೋಡಿದೆವು. ಮಾತಾಡಲಿಕ್ಕೆ ಸಾಕಾಗುತ್ತದೆ, ತಾಳಕ್ಕೆ ಆಗುವುದಿಲ್ಲ. ಇಲ್ಲಿ ಕೊಟ್ಟ ಪೆಟ್ಟು ಅಲ್ಲಿ ಕೇಳುವಷ್ಟರಲ್ಲಿ ತಡವಾಗಿ ಎಲ್ಲ ತಪ್ಪುತ್ತದೆ. ಕೊನೆಗೆ ಗುರುಗಳೇ ಒಂದು ದಾರಿ ಕಂಡುಕೊಂಡರು. ಪಾಠವನ್ನು ಬಾಯಲ್ಲಿ ಹೇಳಿ ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದು, ಮಕ್ಕಳು ಅದಕ್ಕೆ ಬಾರಿಸಿ ವಾಪಸು ಕಳಿಸುವುದು, ಅವರು ಒಂದೊಂದನ್ನೂ ಕೇಳಿ "ಎರಡನೇ ಆವರ್ತದಲ್ಲಿ ಎಡಗೈ ಹಿಂದೆ ಬಿತ್ತು ನೋಡು" ಎಂದು ತಿದ್ದುವುದು. ಮೇಳ ನಿಂತು ಅವರಿಗೇ ಸಂಪಾದನೆ ಇಲ್ಲದ ದಿನಗಳವು. ಒಂದು ದಿನವೂ ಬೇಸರ ಮಾಡಲಿಲ್ಲ, ಒಂದು ರೂಪಾಯಿ ಕೇಳಲಿಲ್ಲ. ಗುರುಗಳೇ, ಇದನ್ನು ಸಭೆಯಲ್ಲಿ ಹೇಳಿದರೆ ನೀವು ಎದ್ದು ಹೊರಗೆ ಹೋಗುತ್ತೀರಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಆವತ್ತು ನೀವು ಬಿಟ್ಟಿದ್ದರೆ ಇವತ್ತು ಕಟ್ಟಡ ಇದ್ದೂ ಒಳಗೆ ಕೂರಲು ಮಕ್ಕಳು ಇರುತ್ತಿರಲಿಲ್ಲ.

ಇನ್ನು ಕಟ್ಟಡದ ವಿಷಯ. ಒಂದು ಉದ್ದ ಕೋಣೆ, ವಾದ್ಯ ಇಡಲು ಒಂದು ಸಣ್ಣ ಕೋಣೆ, ಮುಂದೆ ಜಗಲಿ. ಅಷ್ಟೇ. ಮೊದಲು ನಾವು ಎಣಿಸಿದ್ದು ಎಲ್ಲರಂತೆ ಸಿಮೆಂಟು ಸ್ಲ್ಯಾಬಿನ ಹಾಲ್. ಅದನ್ನು ಬೇಡ ಎಂದದ್ದು ನಮ್ಮಲ್ಲೇ ಮದ್ದಳೆ ಕಲಿತು ಈಗ ಇಂಜಿನಿಯರ್ ಆಗಿರುವ ಹುಡುಗಿ. ಸಿಮೆಂಟು ಬಳಿದ ನುಣ್ಣನೆ ಕೋಣೆಯಲ್ಲಿ ಚೆಂಡೆ ಬಾರಿಸಿದರೆ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ತಿರುಗುತ್ತಲೇ ಇರುತ್ತದೆ. ಕಲಿಯುವ ಮಗುವಿಗೆ ತಾನು ಕೊಟ್ಟ ಪೆಟ್ಟು ಯಾವುದು, ಗೋಡೆಯಿಂದ ಬಂದದ್ದು ಯಾವುದು ಗೊತ್ತಾಗುವುದಿಲ್ಲ, ಕಿವಿಗೂ ಒಳ್ಳೆಯದಲ್ಲ. ಅದಕ್ಕೆ ಅವಳು ಹೇಳಿದ್ದು ಇಷ್ಟು: ಕೆಂಪುಕಲ್ಲಿನ ಗೋಡೆ, ಒಳಗೆ ಸಾರಣೆ ಬೇಡ, ಕಲ್ಲಿನ ತೂತುಗಳು ಹಾಗೇ ಇರಲಿ. ಮೇಲೆ ಹಂಚು. ಅಂಗಳದ ಕಡೆ ಅರ್ಧ ಗೋಡೆ. ಉದ್ದದ ಎರಡು ಗೋಡೆಗಳು ಒಂದಕ್ಕೊಂದು ಸರಿಯಾಗಿ ಎದುರುಬದುರು ಬರಬಾರದು, ಒಂದು ಸ್ವಲ್ಪ ಓರೆ ಇರಬೇಕು.

ಈ ಓರೆ ಗೋಡೆಗೆ ಮೇಸ್ತ್ರಿ ಒಪ್ಪಲೇ ಇಲ್ಲ. ಜೀವಮಾನವಿಡೀ ತೂಕದ ಗುಂಡು ಇಳಿಬಿಟ್ಟು, ಮೂಲೆಮಟ್ಟ ಹಿಡಿದು ಕೆಲಸ ಮಾಡಿದವರು. "ನಾಳೆ ಬಂದವರು ನೋಡಿ ಯಾರು ಕಟ್ಟಿದ್ದು ಎಂದು ಕೇಳಿದರೆ ನಾನೆಂತ ಹೇಳಲಿ ಮಾರಾಯ್ತಿ?" ಎಂದರು. ಅವಳು ವಾದ ಮಾಡಲಿಲ್ಲ. ಅವರನ್ನು ಹತ್ತಿರದ ಒಂದು ಖಾಲಿ ಹಾಲ್‌ಗೆ ಕರೆದುಕೊಂಡು ಹೋಗಿ ನಡುವೆ ನಿಲ್ಲಿಸಿ ಒಮ್ಮೆ ಚಪ್ಪಾಳೆ ತಟ್ಟಿದಳು. ಟರ್ರ್ ಎಂದು ಸದ್ದು ಎರಡು ಗೋಡೆಗಳ ನಡುವೆ ಓಡಿತು. ಮೇಸ್ತ್ರಿ ತಾವೂ ಒಮ್ಮೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ವಾಪಸು ಬಂದವರು ಹಗ್ಗ ಎಳೆದು ಓರೆಗೆ ಗುರುತು ಹಾಕಿದ್ದೇ ಹಾಕಿದ್ದು. ಈಗ ಬಂದವರಿಗೆಲ್ಲ ಅವರೇ ಚಪ್ಪಾಳೆ ತಟ್ಟಿ ತೋರಿಸುತ್ತಾರೆ. ಮೇಸ್ತ್ರಿಯವರಿಗೆ, ಅವರ ಜೊತೆ ಬಿಸಿಲಿನಲ್ಲಿ ಕಲ್ಲು ಹೊತ್ತವರಿಗೆ, ಕೊನೆಯ ವಾರ ರಾತ್ರಿ ದೀಪ ಹಾಕಿಕೊಂಡು ಹಂಚು ಹೊದೆಸಿದ ಹುಡುಗರಿಗೆ ನಮಸ್ಕಾರ. ಪತ್ತನಾಜೆಗೆ ಮೊದಲು ಮುಗಿಸಲೇಬೇಕು ಎಂಬ ನಮ್ಮ ಹಟವನ್ನು ನಿಮ್ಮ ಹಟ ಮಾಡಿಕೊಂಡಿರಿ. ಮರೆಯುವುದಿಲ್ಲ.

ಸಣ್ಣ ಕೋಣೆಯಲ್ಲಿ ಒಂದು ಮರದ ಕಪಾಟು ಉಂಟು. ಅದರೊಳಗೆ ಹಳೇ ನಮೂನೆಯ ಬಿಸಿಯಾಗುವ ಬಲ್ಬು ಹಾಕಿದ್ದೇವೆ, ಮದ್ದಳೆಗಳು ಬೆಚ್ಚಗೆ ಇರಲಿ ಎಂದು. ಅದರ ವಯರಿಂಗ್ ಮಾಡಿಕೊಟ್ಟು ಕೂಲಿ ಬೇಡ ಎಂದವರು ಮೊಗ್ರಾಲಿನ ಒಬ್ಬರು. ಮೊಗ್ರಾಲು ಗೊತ್ತಲ್ಲ, ಕುಂಬಳೆಯ ಪಕ್ಕ, ಮಾಪಿಳ್ಳೆ ಹಾಡುಗಳಿಗೆ ಹೆಸರಾಗಿ ಇಶಲ್ ಗ್ರಾಮ ಎಂದೇ ಕರೆಸಿಕೊಂಡ ಊರು. "ನಮ್ಮ ಮನೆಯಲ್ಲೂ ಹಾಡುವವರಿದ್ದರು, ಹಾಡಿನ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಾ" ಎಂದರು. ನಮ್ಮ ಚೆಂಡೆಗೆ ಚರ್ಮ ಹಾಕಿ ಬಿಗಿದು ಕೊಡುವವರು ಮಲಯಾಳದವರು. ತೆಂಕುತಿಟ್ಟಿನ, ಎಂದರೆ ನಮ್ಮ ಕಡೆಯ ಯಕ್ಷಗಾನದ, ಚೆಂಡೆ ಮತ್ತು ಅವರ ದೇವಸ್ಥಾನಗಳಲ್ಲಿ, ತೆಯ್ಯಂಗಳಲ್ಲಿ ಬಾರಿಸುವ ಚೆಂಡೆ ಒಂದೇ ವಾದ್ಯ. ಅವರು ಬಾರಿಸುವುದು ಬೇರೆ, ನಾವು ಬಾರಿಸುವುದು ಬೇರೆ, ಅಷ್ಟೇ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಏನೇನು ಕಳೆದುಕೊಂಡೆವು ಎಂದು ಮಾತಾಡುವುದು ಇದ್ದದ್ದೇ, ನಾನೂ ಮಾತಾಡುತ್ತೇನೆ, ಮಾತಾಡಬೇಕು. ಆದರೆ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಎಂಬುದನ್ನೂ ಹೇಳಬೇಕು. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಾಗ ಅದನ್ನು ನೋಡಿ ಬಂದ ಮೇಲೆಯೇ ನಮ್ಮ ತರಗತಿಗೆ ಹೊಸ ಮಕ್ಕಳು ಸೇರಿದ್ದು. ಅವರಲ್ಲಿ ಮನೆಮಾತು ಮಲಯಾಳ ಆದವರೂ ಇದ್ದಾರೆ. ಹಾಡಲಿಕ್ಕೆ ಎಂದೇ ಕನ್ನಡ ಅಕ್ಷರ ಕಲಿತರು. ಅವರ ಅಪ್ಪ ಅಮ್ಮಂದಿರಿಗೆ ವಿಶೇಷವಾಗಿ ಧನ್ಯವಾದ.

ಗೋಡೆಗೆ ಯಾರ ಫೋಟೋ ಹಾಕುವುದು ಎಂದು ಜೋರು ಚರ್ಚೆಯಾಯಿತು. ಮೊದಲನೆಯದಕ್ಕೆ ಫೋಟೋವೇ ಇಲ್ಲ, ಕುಂಬಳೆಯ ಪಾರ್ತಿಸುಬ್ಬ. ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ಬರೆದು ಅಲ್ಲಿನ ಕಣಿಪುರ ದೇವಸ್ಥಾನದ ಗೋಪಾಲಕೃಷ್ಣನಿಗೆ ಒಪ್ಪಿಸಿದವನು. ಅವನ ಕಾಲ, ಕೃತಿ ಎಲ್ಲದರ ಬಗ್ಗೆ ವಿದ್ವಾಂಸರು ವಾದ ಮಾಡಿದ್ದಾರೆ, ಮಾಡಲಿ. ಅವನ ಪದ್ಯ ಹಾಡದೆ ಈ ಸೀಮೆಯಲ್ಲಿ ಯಾವ ಭಾಗವತನೂ ಭಾಗವತ ಆಗಿಲ್ಲ. ಹಾಗಾಗಿ ಹೆಸರು ಮಾತ್ರ ಬರೆಸಿದ್ದೇವೆ.

ಆಮೇಲೆ ಬಲಿಪ ನಾರಾಯಣ ಭಾಗವತರು. ಹುಟ್ಟಿದ್ದು ಇಲ್ಲೇ ಪಡ್ರೆಯಲ್ಲಿ, 1938ರಲ್ಲಿ. ಅದೇ ಹೆಸರಿನ ಅಜ್ಜನಿಂದ ಕಲಿತು, ಆ ಎತ್ತರದ ಶ್ರುತಿಯಲ್ಲಿ ಪುಸ್ತಕ ನೋಡದೆ ಬೆಳಗಿನವರೆಗೆ ಹಾಡುತ್ತಿದ್ದವರು. ಬಲಿಪ ಶೈಲಿ ಎಂದರೆ ಏನು ಎಂದು ಮಕ್ಕಳು ಕೇಳಿದರೆ ಗುರುಗಳು ವಿವರಿಸಲು ಹೋಗುವುದಿಲ್ಲ, ಸುಮ್ನೆ ಒಂದು ರೆಕಾರ್ಡಿಂಗ್ ಹಾಕಿ ಕೂರುತ್ತಾರೆ. 2023ರ ಫೆಬ್ರವರಿಯಲ್ಲಿ ಅವರು ಹೋದ ದಿನ ನಮ್ಮ ತರಗತಿಯಲ್ಲಿ ಪಾಠ ನಡೆಯಲಿಲ್ಲ, ಕೇಳುವುದು ಮಾತ್ರ ನಡೆಯಿತು.

ಪಕ್ಕದಲ್ಲಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಹೊರಗಿನವರಿಗೆ ಅವರು ಸಂವಿಧಾನದ ಮೂಲ ಸ್ವರೂಪದ ಬಗ್ಗೆ 1973ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು. ಕಾನೂನು ಓದಿದವರೆಲ್ಲ ಆ ಹೆಸರು ಬಲ್ಲರು. ನಮಗೆ ಅವರು ಮಠದಲ್ಲಿ ತಾವೇ ಭಾಗವತಿಕೆಗೆ ಕೂರುತ್ತಿದ್ದ, ಕಲಾವಿದರನ್ನು ಊಟಕ್ಕೆ ಕೂರಿಸಿ ಮಾತಾಡಿಸುತ್ತಿದ್ದ ಸ್ವಾಮಿಗಳು. ಅವರು ನಡೆಸಿದ ಮೇಳದಿಂದ ಎಷ್ಟು ಮನೆಗಳಲ್ಲಿ ಒಲೆ ಉರಿದಿದೆ ಎಂದು ಹಿರಿಯರನ್ನು ಕೇಳಿ.

ಮೂರನೆಯ ಫೋಟೋ ನಮ್ಮ ಹುಡುಗಿಯರು ಹಟ ಹಿಡಿದು ಹಾಕಿಸಿದ್ದು, ಲೀಲಾವತಿ ಬೈಪಾಡಿತ್ತಾಯರದ್ದು. ಮಧೂರಿನಲ್ಲಿ ಹುಟ್ಟಿದವರು. ಹೆಂಗಸರು ವೃತ್ತಿಮೇಳದಲ್ಲಿ ಭಾಗವತಿಕೆಗೆ ಕೂರುವುದನ್ನು ಯಾರೂ ಎಣಿಸದ ಕಾಲದಲ್ಲಿ ಜಾಗಟೆ ಹಿಡಿದು ಕೂತರು, ಪಕ್ಕದಲ್ಲಿ ಗಂಡನ ಮದ್ದಳೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಈಗ ನಮ್ಮಲ್ಲಿ ಭಾಗವತಿಕೆ ಕಲಿಯುವವರಲ್ಲಿ ಹುಡುಗಿಯರೇ ಜಾಸ್ತಿ. ಈ ದಾರಿ ಅವರಿಗೆ ತೆರೆದು ಸಿಕ್ಕಿದೆ, ಯಾರು ತೆರೆದದ್ದು ಎಂದು ಅವರಿಗೆ ಗೊತ್ತಿರಬೇಕು. ಅಮ್ಮ, ನಿಮಗೆ ನಮ್ಮ ನಮಸ್ಕಾರ.

ಹಣದ ಲೆಕ್ಕ ಜಗಲಿಯ ಬೋರ್ಡಿನಲ್ಲಿ ಹಾಕಿದ್ದೇವೆ, ರೂಪಾಯಿಗೆ ರೂಪಾಯಿ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಲ್ಲ. ಕೆಲವರಿಗೆ ಬೇಸರ ಆಗಿರಬಹುದು. ಸಾವಿರ ಕೊಟ್ಟವರು, ಲಕ್ಷ ಕೊಟ್ಟವರು, ಎರಡು ದಿನದ ಕೂಲಿ ಬಿಟ್ಟು ಬಂದು ಮಣ್ಣು ಹೊತ್ತವರು, ಇವರನ್ನು ಯಾವ ಸಾಲಿನಲ್ಲಿ ಮೊದಲು ಬರೆಯುವುದು ಹೇಳಿ? ರಶೀದಿಯಂತೂ ಎಲ್ಲರಿಗೂ ಮುಟ್ಟಿದೆ. ಕರ್ನಾಟಕದಿಂದ, ಗಲ್ಫಿನಿಂದ, ಮುಂಬಯಿಯಿಂದ ಕಳಿಸಿದ ಊರವರೇ, ರಜೆಗೆ ಬಂದಾಗ ಒಂದು ಸಂಜೆ ಬಂದು ಕೂತು ಹೋಗಿ, ನಮಗೆ ಅದೇ ಖುಷಿ.

ಕಾಸರಗೋಡಿನಲ್ಲಿ ಕನ್ನಡ ಎಂಎ ಓದಿದ ಇಬ್ಬರು ಮಕ್ಕಳನ್ನು ಹೇಳದೆ ಬಿಡುವ ಹಾಗಿಲ್ಲ. ತಮ್ಮ ಓದಿಗೆ ಎಂದು ಬಂದು ಹಳೇ ಮದ್ದಳೆಗಾರರ ಮನೆಮನೆಗೆ ಹೋಗಿ ಅವರ ಮಾತು, ಅವರ ಬಾಯಿತಾಳ ರೆಕಾರ್ಡ್ ಮಾಡಿದರು. ಎಲ್ಲರೂ ಮಾಡುವ ಹಾಗೆ ತೆಗೆದುಕೊಂಡು ಹೋಗಿಬಿಡಲಿಲ್ಲ, ಒಂದು ಪ್ರತಿ ನಮಗೆ ಕೊಟ್ಟರು. ಅದರಲ್ಲಿರುವ ಅಜ್ಜಂದಿರಲ್ಲಿ ಕೆಲವರು ಈಗಿಲ್ಲ. ಅವರು ಹೇಳಿದ ಮುಕ್ತಾಯಗಳನ್ನು, ಎಂದರೆ ಕೊನೆಗೆ ಮುಗಿಸುವ ಪೆಟ್ಟುಗಳ ಜೋಡಣೆಗಳನ್ನು, ಗುರುಗಳು ಈ ಮಳೆಗಾಲ ಮಕ್ಕಳಿಗೆ ಕಲಿಸುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಸಂಗೀತ ಕಟ್ಟಡಗಳಾಗಲಿ, ಅಗತ್ಯ ಆಗಬೇಕು. ಕಲಿಯಲು ಬರುವವರು ಈ ಇಬ್ಬರ ಹಾಗೆ ಊರಿನ ಮನೆಗಳಿಗೂ ಬರಲಿ.

ಅದೇ ಮಾತಿಗೆ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ಕೈಬರಹದ ಪ್ರಸಂಗ ಪುಸ್ತಕ, ಹಳೇ ಆಟದ ಕ್ಯಾಸೆಟ್, ಭಾಗವತರ ಟಿಪ್ಪಣಿ ಏನಿದ್ದರೂ ಗೆದ್ದಲಿಗೆ ಬಿಡಬೇಡಿ. ಶನಿವಾರ ಮಧ್ಯಾಹ್ನದ ಮೇಲೆ ತರಗತಿ ಇರುತ್ತದೆ, ತಂದುಕೊಡಿ. ಪ್ರತಿ ಮಾಡಿಕೊಂಡು ನಿಮ್ಮದನ್ನು ನಿಮಗೇ ವಾಪಸು ಕೊಡುತ್ತೇವೆ. ತರಲಿಕ್ಕೆ ಆಗದಿದ್ದರೆ ಹೇಳಿ ಕಳಿಸಿ, ನಮ್ಮ ದೊಡ್ಡ ಮಕ್ಕಳೇ ನಿಮ್ಮಲ್ಲಿಗೆ ಬರುತ್ತಾರೆ.